ರೇಷ್ಮೆ ಹುಳುವಿನಿಂದ ನಾಯಿ, ಬೆಕ್ಕುಗಳ ಔಷಧಿ ತಯಾರಾಗುವುದು ನಿಜವೇ?

ನಾಯಿಗೆ ಪಾರ್ವೊ ಎಂಬ ವೈರಸ್ ರೋಗ ತಗುಲಿದಾಗ ಕೊಡುವ, ವೈರಸ್ಸಿನ ವಿರುದ್ಧ ಹೋರಾಡುವ ಪ್ರೋಟೀನಾದ ಇಂಟರ್‌ಫೆರಾನ್ ಚುಚ್ಚುಮದ್ದನ್ನು ರೇಷ್ಮೆ ಹುಳುವಿನಿಂದ ಪಡೆಯುತ್ತಾರೆಯೇ, ಇಂಥ ಪ್ರೋಟೀನು ತಯಾರಿಸಲು ಬ್ಯಾಕ್ಟೀರಿಯಾ ಇರುವಾಗ ಹುಳುವೇ ಏಕೆ ಬೇಕು ಎಂದು ಕೇಳಿದ್ದೀರಿ. ಹೌದು, ಹುಳುವಿನಿಂದಲೇ ಪಡೆಯುತ್ತಾರೆ. ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದು ಆಮೇಲೆ ಜೈವಿಕ ತಂತ್ರಜ್ಞಾನ ಓದಿದ ನನಗೆ ಇದು ಬಹಳ ಹತ್ತಿರದ ವಿಷಯ.

ನಮ್ಮ ರೈತರನ್ನು ಕಂಗೆಡಿಸುವ ಹಾಲುತೊಂಡೆ ರೋಗದ ವೈರಸ್ಸೇ ಇಲ್ಲಿನ ಮುಖ್ಯ ಸಾಧನ. ರೋಗ ಬಂದ ಹುಳುವಿನ ರಕ್ತ ಹಾಲಿನಂತೆ ಬೆಳ್ಳಗಾಗುವುದು ಆ ವೈರಸ್ಸು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳುಗಳನ್ನು ರಾಶಿ ರಾಶಿಯಾಗಿ ಕಟ್ಟುವುದರಿಂದ. ವೈರಸ್ಸಿನಿಂದ ಆ ಪ್ರೋಟೀನಿನ ಜೀನನ್ನು ತೆಗೆದು ಅದರ ಜಾಗದಲ್ಲಿ ಬೇರೊಂದು ಜೀನನ್ನು ಕೂರಿಸಿ, ಆ ವೈರಸ್ಸನ್ನು ಹುಳುವಿಗೆ ತಗುಲಿಸಿದರೆ, ಹುಳುವಿನ ಜೀವಕೋಶಗಳು ಅಷ್ಟೇ ಭರದಿಂದ ನಮಗೆ ಬೇಕಾದ ಪ್ರೋಟೀನನ್ನು ತಯಾರಿಸತೊಡಗುತ್ತವೆ. ಜಪಾನಿನ ವಿಜ್ಞಾನಿ ಸುಸುಮು ಮಾಯೆದಾ ಮತ್ತು ಸಂಗಡಿಗರು 1985ರಲ್ಲಿ ಮನುಷ್ಯನ ಆಲ್ಫಾ ಇಂಟರ್‌ಫೆರಾನನ್ನು ರೇಷ್ಮೆ ಹುಳುವಿನಲ್ಲಿ ಹೀಗೆಯೇ ಪಡೆದರು. ಜಪಾನಿನ ಟೋರೆ ಕಂಪನಿ ಬೆಕ್ಕಿನ ಒಮೆಗಾ ಇಂಟರ್‌ಫೆರಾನನ್ನು ಇದೇ ದಾರಿಯಲ್ಲಿ ತಯಾರಿಸಿತು. ಬೆಕ್ಕುಗಳ ಕ್ಯಾಲಿಸಿವೈರಸ್ ಸೋಂಕಿಗೆ ಅದು ಜಪಾನಿನಲ್ಲಿ 1994ರಲ್ಲಿ ಬಳಕೆಗೆ ಬಂದಿತು. ಯುರೋಪ್ ಒಕ್ಕೂಟ 2001ರಲ್ಲಿ ವಿರ್ಬಾಜೆನ್ ಒಮೆಗಾ ಎಂಬ ಹೆಸರಿನಲ್ಲಿ ಅನುಮತಿ ನೀಡಿತು. ಬೆಕ್ಕಿನದಾದರೂ ಈ ಪ್ರೋಟೀನು ನಾಯಿಯಲ್ಲಿಯೂ ಕೆಲಸ ಮಾಡುತ್ತದೆ, ಆದುದರಿಂದಲೇ ಪಾರ್ವೊ ತಗುಲಿದ ನಾಯಿಗೆ ಸತತ ಮೂರು ದಿನ ರಕ್ತನಾಳದ ಮೂಲಕ ಕೊಡುತ್ತಾರೆ.

ಬ್ಯಾಕ್ಟೀರಿಯಾ ಸೋಲುವುದು ಪ್ರೋಟೀನಿನ ರೂಪದ ವಿಷಯದಲ್ಲಿ. ಪ್ರಾಣಿಗಳ ಅನೇಕ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಂಡು, ಮೇಲೆ ಸಕ್ಕರೆಯ ಸರಪಳಿಯನ್ನು ಧರಿಸಿರಬೇಕಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಅವು ಸಕ್ಕರೆಯಿಲ್ಲದೆ, ಎಷ್ಟೋ ಸಲ ಮುದ್ದೆಗಟ್ಟಿ ಹೊರಬರುತ್ತವೆ. ಕೀಟಗಳ ಜೀವಕೋಶ ಈ ಕೆಲಸಗಳನ್ನೆಲ್ಲ ಮಾಡಬಲ್ಲದು, ಅದು ಜೋಡಿಸುವ ಸರಪಳಿ ಸಸ್ತನಿಗಳದಕ್ಕಿಂತ ಸರಳವಾಗಿದ್ದರೂ. ಅದರಲ್ಲಿಯೂ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪು ತಿಂದು ದಿನೇ ದಿನೇ ಹಿಗ್ಗುವ, ಸಾಕಲು ದುಬಾರಿ ಯಂತ್ರಗಳೇನೂ ಬೇಡದ ಪ್ರಾಣಿ.

ಹುಳುವಿನ ರೋಗ ನಾಯಿಗೆ ದಾಟೀತೇ ಎಂಬ ಭಯ ಬೇಡ. ಈ ಜಾತಿಯ ವೈರಸ್ಸು ಸಸ್ತನಿಗಳ ದೇಹದಲ್ಲಿ ವೃದ್ಧಿಯಾಗುವುದಿಲ್ಲ. ಅಲ್ಲದೆ ತಯಾರಿಕೆಯ ಹಂತದಲ್ಲಿಯೇ ಅದನ್ನು ನಿಷ್ಕ್ರಿಯಗೊಳಿಸಿ, ಪ್ರೋಟೀನನ್ನು ಮಾತ್ರ ಶುದ್ಧೀಕರಿಸಿ ತೆಗೆಯುತ್ತಾರೆ.