ಲ್ಯಾಬ್ ತಪ್ಪಲ್ಲ, ಪೊದೆಯ ಕೆಲಸ

ಹಾಳಾದ ಮರುಭೂಮಿ ಹುಲ್ಲುಗಾವಲಿನಲ್ಲಿ 3 ಮೀಟರ್ ಅಂತರದಲ್ಲಿ ತೆಗೆದ ಎರಡು ಮಣ್ಣಿನ ಮಾದರಿಗಳಲ್ಲಿ ಸಾರಜನಕ ಇಷ್ಟು ಬೇರೆ ಯಾಕೆ, ಲ್ಯಾಬ್‌ನವರು ಎಡವಿದರಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಒಂದು ಮಾದರಿ ಪೊದೆಯ ಬುಡದ್ದು, ಇನ್ನೊಂದು ಬರಿ ನೆಲದ್ದು ಅಲ್ವಾ?

ಹುಲ್ಲು ಚೆನ್ನಾಗಿದ್ದಾಗ ಮಣ್ಣಿನ ಸಾರ ಹೆಚ್ಚುಕಮ್ಮಿ ಎಲ್ಲ ಕಡೆ ಹರಡಿರುತ್ತದೆ. ಹುಲ್ಲು ಹೋಗಿ ಪೊದೆ ಬಂತೋ, ಲೆಕ್ಕವೇ ಬದಲು. ಬರಿ ನೆಲದ ನುಣ್ಣನೆಯ ಮಣ್ಣನ್ನು ಗಾಳಿ ಹೊತ್ತೊಯ್ಯುತ್ತದೆ. ಅದರಲ್ಲಿ ಸ್ವಲ್ಪ ಪೊದೆಗೆ ಸಿಕ್ಕಿ ಅಲ್ಲೇ ಬೀಳುತ್ತದೆ. ಉದುರಿದ ಎಲೆಯೂ ಅಲ್ಲೇ ಕೊಳೆಯುತ್ತದೆ. ಬುಡದಲ್ಲಿ ಸುಮ್ನೆ ಬೆರಳಾಡಿಸಿ ನೋಡಿ: ಮೆತ್ತಗಿನ ಮಣ್ಣು, ಎಲೆಪುಡಿ. ಎರಡು ಹೆಜ್ಜೆ ಆಚೆ ಗಟ್ಟಿಯಾದ ಮೇಲ್ಮೈ, ಒರಟು ಮರಳು. ಅಮೆರಿಕದ ನ್ಯೂ ಮೆಕ್ಸಿಕೋದ ಹೋರ್ನಾಡಾ ಬಯಲಲ್ಲಿ ಇದನ್ನೇ ಅಳೆದವರು ಪೊದೆಯಡಿಯ ಜಾಗವನ್ನು ‘ಫಲವತ್ತತೆಯ ದ್ವೀಪ’ ಅಂದರು. ಒಳ್ಳೆಯ ಹೆಸರು.

ಆದರೆ ಎಲ್ಲ ಪೋಷಕಾಂಶವೂ ಹೀಗೇ ಅಲ್ಲ. ಗಿಡ ಹುಡುಕಿ ಎಳೆದುಕೊಳ್ಳುವ ಸಾರಜನಕ, ರಂಜಕ, ಪೊಟ್ಯಾಶ್ ಪೊದೆಯಡಿ ಜಾಸ್ತಿ. ಸೋಡಿಯಂ, ಕ್ಯಾಲ್ಸಿಯಂ ಬರಿ ನೆಲದಲ್ಲೇ ಹೆಚ್ಚು ಸಿಗಬಹುದು.

ಮುಂದಿನ ಸಲ ಪೊದೆಯಡಿಯ ಮಣ್ಣು, ಬರಿ ನೆಲದ ಮಣ್ಣು ಬೇರೆ ಬೇರೆ ಚೀಲಕ್ಕೆ ಹಾಕಿ, ಕಲಸಬೇಡಿ. ಬುಡದಿಂದ ಎಷ್ಟು ದೂರ ಅಂತ ಬರೆದಿಡಿ. ಅಗೆಯುವ ಆಳವೂ ಎಲ್ಲ ಕಡೆ ಒಂದೇ ಇರಲಿ, ಯಾಕೆಂದರೆ ಈ ವ್ಯತ್ಯಾಸ ಎದ್ದು ಕಾಣುವುದು ಮೇಲ್ಪದರದಲ್ಲೇ.