ಕೃಷಿಕರಲ್ಲದವರು ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದೇ? ಅಣ್ಣ ವಿದೇಶದಲ್ಲಿದ್ದರೆ?

ನೀವು ಕೇಳಿರುವುದು ಇಷ್ಟು: ನಿಮ್ಮ ಮನೆತನದಲ್ಲಿ ಯಾರೂ ಬೇಸಾಯ ಮಾಡಿದವರಲ್ಲ, ನೀವು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಅಣ್ಣ ಅಮೆರಿಕದಲ್ಲಿದ್ದಾರೆ, ಇಬ್ಬರೂ ಸೇರಿ ತುಮಕೂರಿನ ಕಡೆ 4 ಎಕರೆ ಕೊಂಡು ಊರಿನವರಿಗೇ ಗುತ್ತಿಗೆಗೆ ಕೊಡಬಹುದೇ, ಕೃಷಿ ಕಾಯ್ದೆಗಳು ರದ್ದಾದಾಗ ಈ ಅವಕಾಶವೂ ರದ್ದಾಯಿತೇ. ನಾನು ವಕೀಲನಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಎದುರು ಇಪ್ಪತ್ತೆರಡು ವರ್ಷಗಳಿಂದ ಜಮೀನಿನ ಕ್ರಯಪತ್ರಗಳನ್ನು ಬರೆಯುತ್ತಿದ್ದೇನೆ. ಈ ಪ್ರಶ್ನೆ ಹೊತ್ತು ಬರುವವರು ವಾರಕ್ಕೆ ಒಬ್ಬರಾದರೂ ಇದ್ದೇ ಇರುತ್ತಾರೆ.

ಮೊದಲು ಕೊನೆಯ ಗೊಂದಲವನ್ನು ತೆಗೆದುಬಿಡೋಣ. 2021ರ ನವೆಂಬರ್‌ನಲ್ಲಿ ಸಂಸತ್ತು ರದ್ದುಪಡಿಸಿದ ಮೂರು ಕಾಯ್ದೆಗಳು ಕೃಷಿ ಉತ್ಪನ್ನಗಳ ವ್ಯಾಪಾರ, ಒಪ್ಪಂದ ಕೃಷಿ ಮತ್ತು ಅಗತ್ಯ ವಸ್ತುಗಳ ದಾಸ್ತಾನಿಗೆ ಸಂಬಂಧಿಸಿದವು. ಜಮೀನು ಯಾರು ಕೊಳ್ಳಬಹುದು ಎಂಬುದನ್ನು ಹೇಳುವುದು 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ, ಅದು ರಾಜ್ಯದ್ದು. ಅದರ ತಿದ್ದುಪಡಿಯೂ 2020ರಲ್ಲೇ ಬಂದದ್ದರಿಂದ, ಆ ಸೆಪ್ಟೆಂಬರ್ 28ರ ಕರ್ನಾಟಕ ಬಂದ್‌ನಲ್ಲಿ ಎಲ್ಲವನ್ನೂ ಒಟ್ಟಿಗೇ ವಿರೋಧಿಸಿದ್ದರಿಂದ, ಜನರ ನೆನಪಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ದೆಹಲಿಯ ಕಾಯ್ದೆಗಳು ಹೋದವು. ಈ ತಿದ್ದುಪಡಿ ಹೋಗಲಿಲ್ಲ.

ಆ ತಿದ್ದುಪಡಿ ತೆಗೆದುಹಾಕಿದ್ದು 79-ಎ, 79-ಬಿ, 79-ಸಿ ಕಲಂಗಳನ್ನು. ಕೃಷಿಯೇತರ ಆದಾಯ ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚಿದ್ದವರು ಜಮೀನು ಕೊಳ್ಳುವಂತಿಲ್ಲ ಎಂದು 79-ಎ ಹೇಳುತ್ತಿತ್ತು. ಬಹುಕಾಲ 2 ಲಕ್ಷ ರೂಪಾಯಿ ಇದ್ದ ಆ ಮಿತಿಯನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಲಾಗಿತ್ತು. ಸ್ವತಃ ಸಾಗುವಳಿ ಮಾಡದವರನ್ನೂ ಸಂಸ್ಥೆಗಳನ್ನೂ 79-ಬಿ ಹೊರಗಿಟ್ಟಿತ್ತು. ಈ ಕಲಂಗಳು 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಎಂಬಂತೆ ಪೂರ್ವಾನ್ವಯವಾಗಿ ತೆಗೆದಿದ್ದರಿಂದ ಇತ್ಯರ್ಥವಾಗದೆ ಉಳಿದಿದ್ದ ಪ್ರಕರಣಗಳೂ ಮುಗಿದವು. ಅದಕ್ಕೆ ಮುಂಚೆ ನನ್ನ ಮೇಜಿನ ಮುಂದೆ ನಡೆಯುತ್ತಿದ್ದುದನ್ನು ನೀವು ನೋಡಬೇಕಿತ್ತು. ತಾತನ ಕಾಲದ ಪಹಣಿಯನ್ನು ಎಲ್ಲಿಂದಲೋ ಹುಡುಕಿ ತಂದು, ವಂಶವೃಕ್ಷ ಮಾಡಿಸಿ, ಕಾರಿನಲ್ಲಿ ಬಂದವರು ನಾಡಕಚೇರಿಯ ಆದಾಯ ಪತ್ರದಲ್ಲಿ ಬಡವರಾಗಿ, ಅಂತೂ ಕೃಷಿಕರಾಗುತ್ತಿದ್ದರು. ಆ ನಾಟಕ ನಿಂತಿತೆಂದು ನನಗೇನೂ ಬೇಸರವಿಲ್ಲ. ಆದರೆ ನಾಟಕ ಕೆಟ್ಟದ್ದೆಂದು ಬಾಗಿಲನ್ನೇ ಕಿತ್ತುಹಾಕಬೇಕಿತ್ತೇ ಎಂದು ರೈತ ಸಂಘದವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವೂ ಇಲ್ಲ. ಹೆದ್ದಾರಿಯ ಬದಿಯ ಹೊಲವನ್ನು ಪಕ್ಕದ ಹೊಲದವನು ಕೊಂಡ ಪತ್ರ ಬರೆದು ನನಗೆ ಎಷ್ಟು ಕಾಲವಾಯಿತೋ.

ಆದ್ದರಿಂದ ನಿಮ್ಮ ಮಟ್ಟಿಗೆ ಉತ್ತರ: ಹೌದು, ಕೊಳ್ಳಬಹುದು. ಹಿಂದೆ ಕಾಯ್ದೆ ಕೊಳ್ಳುವವನನ್ನು ‘ನೀನು ಯಾರು’ ಎಂದು ಕೇಳುತ್ತಿತ್ತು. ಈಗ ಅದನ್ನು ಕೇಳುವುದಿಲ್ಲ. ‘ಈ ನೆಲ ಯಾರದಾಗಿತ್ತು, ಇದರಲ್ಲಿ ನೀನು ಏನು ಮಾಡುತ್ತೀ’ ಎಂಬ ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿದಿವೆ. ಹೊಸಬರು ಎಡವುವುದು ಅಲ್ಲೇ.

ಗುತ್ತಿಗೆಯ ಯೋಚನೆಯನ್ನು ಬಿಟ್ಟುಬಿಡಿ. 79ನ್ನು ತೆಗೆದವರು 5ನೇ ಕಲಂ ಅನ್ನು ಮುಟ್ಟಲಿಲ್ಲ; ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಕೂಲಿ ಕೊಟ್ಟು, ನೀವೇ ನಿಗಾ ವಹಿಸಿ ಬೆಳೆಸಿದರೆ ಅದು ಸ್ವಂತ ಸಾಗುವಳಿಯೇ. ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದೆಂಬ ಭೂಮಿತಿಯ ಚಿಂತೆ ನಿಮ್ಮ 4 ಎಕರೆಗೆ ಬೇಡ. ಆ ಮಿತಿ 10 ಯೂನಿಟ್; ಯೂನಿಟ್ ಎಂದರೆ ನೆಲದ ದರ್ಜೆ ನೋಡಿ ಹಾಕುವ ಲೆಕ್ಕ, ಒಣಭೂಮಿಯಾದರೆ 10 ಯೂನಿಟ್ ಎಂದರೆ 54 ಎಕರೆ. ತೋಟದ ಮನೆ ಕಟ್ಟಬಹುದು, ಆದರೆ ಹಿಡುವಳಿಯ ಶೇ 10ಕ್ಕಿಂತ ಹೆಚ್ಚು ಜಾಗದಲ್ಲಲ್ಲ. ರೆಸಾರ್ಟ್, ಲೇಔಟ್ ಎಂದರೆ ಭೂಪರಿವರ್ತನೆ ಆಗಲೇಬೇಕು.

ಇನ್ನು ನೆಲದ ಹಿಂದಿನ ಕಥೆ. ಕಳೆದ ವರ್ಷ ಬೆಂಗಳೂರಿನ ದಂಪತಿ 3 ಎಕರೆ 20 ಗುಂಟೆಯ ಕಾಗದ ಹಿಡಿದು ಬಂದರು. ಬದುವಿನ ಮೇಲೆ ಸಾಲಾಗಿ ಹುಣಸೆಮರ, ಒಂದು ಬಾವಿ, ಬೆಲೆಯೂ ಸುತ್ತಲಿನದಕ್ಕಿಂತ ಕಡಿಮೆ. ಪಹಣಿ ಮಾರುವವರ ಹೆಸರಿನಲ್ಲೇ ಇತ್ತು, ಮೂವತ್ತು ವರ್ಷದ ಋಣಭಾರ ಪತ್ರದಲ್ಲಿ ಒಂದು ಕಲೆಯಿಲ್ಲ. ‘ಪೇಪರ್ ಕ್ಲಿಯರ್ ಇದೆ ಸಾರ್’ ಎಂದು ಜೊತೆಗೆ ಬಂದಿದ್ದ ದಲ್ಲಾಳಿ ಮೂರು ಸಲ ಹೇಳಿದ. ಮೂರನೆಯ ಸಲ ಹೇಳಿದಾಗ ನನಗೆ ಅನುಮಾನ ಬಂತು. ಹೆಸರು ಬದಲಾವಣೆಯ ದಾಖಲೆಗಳಾದ ಮ್ಯುಟೇಷನ್‌ಗಳನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದರೆ ಅದು ದರಖಾಸ್ತಿನಲ್ಲಿ, ಎಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದ ನೆಲ. ರೆಕಾರ್ಡ್ ರೂಮಿನಿಂದ ತೆಗೆಸಿದ ಸಾಗುವಳಿ ಚೀಟಿಯಲ್ಲಿ (ಮಂಜೂರಾತಿ ಪತ್ರದಲ್ಲಿ), ಇಷ್ಟು ವರ್ಷ ಪರಭಾರೆ ಮಾಡಕೂಡದು, ಎಂದರೆ ಬೇರೆಯವರಿಗೆ ಮಾರಕೂಡದು ಎಂಬ ಷರತ್ತಿನ ಮೇಲುಗಡೆ, ಮಂಜೂರುದಾರನ ಹೆಸರಿನ ಮುಂದೆ ಮಾಸಿದ ಶಾಯಿಯಲ್ಲಿ ಎ.ಕೆ. ಎಂಬ ಎರಡಕ್ಷರ. ಆದಿ ಕರ್ನಾಟಕ, ಪರಿಶಿಷ್ಟ ಜಾತಿ. ಆ ಮಂಜೂರುದಾರನ ಮಗ ಅದನ್ನು 1984ರಲ್ಲಿ ಮಾರಿದ್ದ, ಸರ್ಕಾರದ ಅನುಮತಿ ಪಡೆದಿರಲಿಲ್ಲ.

ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆ, ನಮ್ಮಲ್ಲಿ ಎಲ್ಲರೂ ಪಿಟಿಸಿಎಲ್ ಎನ್ನುವುದು, ಇಂಥ ಕ್ರಯವನ್ನು ಅಸಿಂಧುವೆನ್ನುತ್ತದೆ; ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಕುಟುಂಬಕ್ಕೆ ಮರಳಿ ಕೊಡಿಸಬಹುದು. ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ಅನೇಕ ಹಳೆಯ ಅರ್ಜಿಗಳು ಬಿದ್ದುಹೋದವು; ಅದಕ್ಕೆ ಉತ್ತರವಾಗಿ 2023ರಲ್ಲಿ ವಿಧಾನಮಂಡಲ ಕಾಯ್ದೆಯನ್ನು ತಿದ್ದಿ, ಇದಕ್ಕೆ ಕಾಲಮಿತಿಯೇ ಇಲ್ಲ ಎಂದಿತು. ಮಿತಿಮೀರಿದ ವಿಳಂಬ ಬೇರೆ, ಕಾಲಮಿತಿ ಬೇರೆ ಎಂಬ ವಾದ ಆ ಬಳಿಕವೂ ಹೈಕೋರ್ಟಿನಲ್ಲಿ ಗೆದ್ದದ್ದುಂಟು. ಆದರೆ ಹುಣಸೆಮರದ ನೆರಳಿಗಾಗಿ ಬಂದವರು ಹೈಕೋರ್ಟಿನವರೆಗೆ ಏಕೆ ಹೋಗಬೇಕು? ಕೊಳ್ಳುವವರು ಇದನ್ನು ತೊಡಕು ಎನ್ನುತ್ತಾರೆ. ಮದುವೆಗೋ ಕಾಯಿಲೆಗೋ ಸಿಕ್ಕ ಬೆಲೆಗೆ ಮಾರಿ, ಅದೇ ಹೊಲದಲ್ಲಿ ಕೂಲಿಗೆ ನಿಂತವರನ್ನು ನಾನು ಬಲ್ಲೆ. ಅವರ ಕಡೆಯಿಂದ ನೋಡಿದರೆ ಕಾಯ್ದೆಗೆ ಅರ್ಥವಿದೆ. ಆ ದಂಪತಿ ವ್ಯವಹಾರ ಬಿಟ್ಟರು. ಕೊಟ್ಟಿದ್ದ 2 ಲಕ್ಷ ಮುಂಗಡ ವಾಪಸು ಬರಲು ಏಳು ತಿಂಗಳಾಯಿತು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ, ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11ಇ ನಕ್ಷೆಯನ್ನೂ ಕೇಳಿ. ಅದಿಲ್ಲದೆ ನೋಂದಣಿಯ ಮಾತು ಎತ್ತುವ ದಲ್ಲಾಳಿಗೆ ದೂರದಿಂದಲೇ ನಮಸ್ಕಾರ ಹೇಳುವುದು ಒಳ್ಳೆಯದು.

ಅಣ್ಣನ ವಿಷಯಕ್ಕೆ ಬಂದರೆ, ಅವರ ಹೆಸರನ್ನು ಕ್ರಯಪತ್ರದಲ್ಲಿ ಸೇರಿಸಲಾಗದು. ರಾಜ್ಯ ತನ್ನ ಬಾಗಿಲು ತೆರೆದರೂ ಫೆಮಾ ಎಂಬ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆಯ ನಿಯಮಗಳು ಅನಿವಾಸಿ ಭಾರತೀಯರಿಗೂ ಒಸಿಐ ಕಾರ್ಡ್ ಇರುವ, ವಿದೇಶಿ ಪೌರತ್ವದ ಭಾರತ ಮೂಲದವರಿಗೂ ಮನೆ, ಅಂಗಡಿ ಕೊಳ್ಳಲು ಬಿಡುತ್ತವೆಯೇ ಹೊರತು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳಲು ಬಿಡುವುದಿಲ್ಲ. ಇಲ್ಲಿ ನೆಲೆಸಿದ ತಂದೆ ತಾಯಿಯಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಅವರ ಹಣದಲ್ಲಿ ನಿಮ್ಮ ಹೆಸರಿಗೆ ಕೊಂಡು ‘ಅರ್ಧ ನನ್ನದು’ ಎಂಬ ಬಾಯಿಮಾತಿನ ಒಪ್ಪಂದ ಮಾಡಿಕೊಂಡರೆ ಬೇನಾಮಿ ಕಾಯ್ದೆಯ ಪ್ರಶ್ನೆ ಏಳುತ್ತದೆ. ಆ ಬಗ್ಗೆ ವಕೀಲರನ್ನು ಕೇಳಿ, ಮತ್ತು ಮುಂಗಡ ಕೊಡುವ ಮುಂಚೆಯೇ ಕೇಳಿ.