ಶಾಸ್ತ್ರೀಯ ಸಂಗೀತಕ್ಕೆ ಎಂಥ ಇಯರ್‌ಫೋನ್?

ಪ್ರಶ್ನೆ: ಹಲವು ವರ್ಷಗಳಿಂದ ಸ್ಪೀಕರಿನಲ್ಲಿ ಕರ್ನಾಟಕ ಹಾಗೂ ಹಿಂದೂಸ್ತಾನಿ ಸಂಗೀತವನ್ನೂ, ಆಗಾಗ ಪಾಶ್ಚಾತ್ಯ ವಾದ್ಯವೃಂದವನ್ನೂ ಕೇಳುತ್ತ ಬಂದಿದ್ದೇನೆ. ಈಚೆಗೆ ಪ್ರಯಾಣದಲ್ಲಿಯೇ ಹೆಚ್ಚು ಹೊತ್ತು ಕಳೆಯುವುದರಿಂದ ಕಿವಿಯೊಳಗೆ ಕೂರುವ ಇಯರ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಒಂದರ ಪೆಟ್ಟಿಗೆಯ ಮೇಲೆ ಧ್ವನಿ ಹುಟ್ಟಿಸುವ ಐದು ಡ್ರೈವರ್‌ಗಳಿವೆ ಎಂದೂ, ಇನ್ನೊಂದರ ಮೇಲೆ 40,000 ಹರ್ಟ್ಜ್‌ವರೆಗೆ ಧ್ವನಿ ಕೊಡುತ್ತದೆ ಎಂದೂ ಬರೆದಿದೆ. ಯಾವುದನ್ನು ನಂಬಿ ಆರಿಸಲಿ?

ಉತ್ತರ: ಸದ್ಯಕ್ಕೆ ಆ ಎರಡೂ ಸಂಖ್ಯೆಗಳನ್ನು ಮರೆತುಬಿಡಿ. ಎಳೆಯ, ಆರೋಗ್ಯವಂತ ಕಿವಿಗೂ ಸುಮಾರು 20,000 ಹರ್ಟ್ಜ್‌ನ ಆಚೆಗಿನದು ಕೇಳಿಸುವುದಿಲ್ಲ; ವಯಸ್ಸಾದಂತೆ ಆ ಮೇರೆ ಇನ್ನೂ ಕೆಳಗಿಳಿಯುತ್ತದೆ. ಪಿಯಾನೋದ 88 ಮನೆಗಳಲ್ಲಿ ತೀರ ಕೆಳಗಿನದರ ಮೂಲಸ್ವರ 27.5 ಹರ್ಟ್ಜ್, ತೀರ ಮೇಲಿನದು 4,186 ಹರ್ಟ್ಜ್. ಹಾಡುವ ಕಂಠ, ಪಿಟೀಲು, ವೀಣೆ, ಕೊಳಲುಗಳ ಮೂಲಸ್ವರಗಳೆಲ್ಲ ಇದರ ನಡುವೆಯೇ ಇವೆ. ಅದಕ್ಕೂ ಮೇಲಿರುವುದು ನಾದಕ್ಕೆ ಬಣ್ಣ ಕೊಡುವ ಉಪಸ್ವರಗಳು ಮಾತ್ರ. ಅಲ್ಲದೆ, ಯಾವ ಕಂಪನಾಂಕದಲ್ಲಿ ಧ್ವನಿ ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂಬುದನ್ನು ಹೇಳದೆ ‘ಇಲ್ಲಿಂದ ಅಲ್ಲಿಯವರೆಗೆ’ ಎಂದಷ್ಟೇ ಮುದ್ರಿಸಿದ ವ್ಯಾಪ್ತಿ ಅಲಂಕಾರವೇ ಹೊರತು ಮಾಹಿತಿಯಲ್ಲ. ಡ್ರೈವರ್‌ಗಳ ವಿಷಯವೂ ಹೀಗೆಯೇ. ಚೆನ್ನಾಗಿ ರೂಪಿಸಿದ ಒಂದೇ ಡೈನಮಿಕ್ (ತಂತಿಸುರುಳಿಯಿಂದ ಪೊರೆಯನ್ನು ಕಂಪಿಸುವ) ಡ್ರೈವರ್ ಇಡೀ ಶ್ರವ್ಯ ವ್ಯಾಪ್ತಿಯನ್ನು ನಿಭಾಯಿಸಬಲ್ಲದು. ಐದಿದ್ದರೆ ಅವುಗಳ ನಡುವೆ ಧ್ವನಿಯನ್ನು ಹಂಚಬೇಕಾಗುತ್ತದೆ, ಹಂಚಿದ ಕಡೆಯಲ್ಲಿ ಬೆಸುಗೆ ಸರಿಯಾಗದಿದ್ದರೆ ಪಿಟೀಲಿನ ಮಂದ್ರದ ತಂತಿ ಒಂದು ವಾದ್ಯದಂತೆಯೂ ಮೇಲಿನ ತಂತಿ ಮತ್ತೊಂದರಂತೆಯೂ ಕೇಳಿಸುತ್ತದೆ.

ನೀವು ಮೊದಲು ನೋಡಬೇಕಾದದ್ದು ಅದು ನಿಮ್ಮ ಕಿವಿಗೆ ಹೇಗೆ ಕೂರುತ್ತದೆ ಎಂಬುದನ್ನು. ತುದಿಗೆ ಹಾಕುವ ಮೆತ್ತನೆಯ ಬುಶ್ ಕಿವಿಯ ನಾಳವನ್ನು ಸಂದಿಲ್ಲದಂತೆ ಮುಚ್ಚದಿದ್ದರೆ ಕೆಳಸ್ವರಗಳು ಸೋರಿಹೋಗುತ್ತವೆ. ಎಷ್ಟೋ ಜನ ‘ಇದರಲ್ಲಿ ಮಂದ್ರವೇ ಇಲ್ಲ’ ಎಂದು ದೂರುವುದು ವಾಸ್ತವವಾಗಿ ಇಯರ್‌ಫೋನಿನ ದೋಷವಲ್ಲ, ಬುಶ್‌ನ ಅಳತೆಯ ದೋಷ. ಜೊತೆಗೆ ಬರುವ ಎಲ್ಲ ಅಳತೆಗಳನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಅಳತೆ ಬೇಕಾದರೆ ಸಂಕೋಚಪಡಬೇಕಿಲ್ಲ, ನಮ್ಮ ಎರಡು ಕಿವಿಗಳು ಸದಾ ಒಂದೇ ಅಳತೆಯವಲ್ಲ.

ಎರಡನೆಯದು, ನಡುಸ್ವರಗಳ ಹದ. ತೆರೆದ ಕಿವಿಯ ನಾಳ ಒಂದು ಪುಟ್ಟ ಕೊಳವೆಯಂತೆ ವರ್ತಿಸಿ, 3,000 ಹರ್ಟ್ಜ್‌ನ ಆಸುಪಾಸಿನ ಧ್ವನಿಯನ್ನು ತಾನಾಗಿಯೇ ಹಿಗ್ಗಿಸುತ್ತದೆ. ಇಯರ್‌ಫೋನ್ ಆ ಕೊಳವೆಯ ಬಾಯಿ ಕಟ್ಟಿದಾಗ ಈ ಸಹಜ ಹಿಗ್ಗು ತಪ್ಪಿಹೋಗುತ್ತದೆ, ಆದ್ದರಿಂದ ತಯಾರಕರು ಅದನ್ನು ಶ್ರುತಿಮಾಡುವಾಗ ಮರಳಿ ತುಂಬಿಕೊಡಬೇಕಾಗುತ್ತದೆ. ಕಡಿಮೆ ತುಂಬಿದರೆ ಗಾಯಕರು ಪರದೆಯ ಹಿಂದೆ ಕುಳಿತು ಹಾಡಿದಂತಿರುತ್ತದೆ. ಹೆಚ್ಚಾದರೆ ತಾರಸ್ಥಾಯಿಗೆ ಹೋದೊಡನೆ ಕಿವಿಗೆ ಚುಚ್ಚುತ್ತದೆ. ಕುಣಿತದ ಸಂಗೀತಕ್ಕೆಂದು ಮಂದ್ರವನ್ನು ಉಬ್ಬಿಸಿ ಮಾಡಿದ ಇಯರ್‌ಫೋನುಗಳಲ್ಲಿ ಕಂಠಕ್ಕೆ ಮೊದಲ ಬಗೆಯ ಗತಿಯಾಗುವುದುಂಟು, ಚೆಲ್ಲೋ ಕೂಡ ಗವಿಯೊಳಗಿಂದ ಬಂದಂತೆ ಕೇಳಿಸುತ್ತದೆ.

ಇದನ್ನು ಪರೀಕ್ಷಿಸಲು ನಿಮಗೆ ಬಾಯಿಪಾಠವಾಗಿರುವ ಧ್ವನಿಮುದ್ರಣಗಳನ್ನೇ ಒಯ್ಯಿರಿ. ತಂಬೂರಿಯ ಜೀವಾಳ, ಎಂದರೆ ತಂತಿಯಡಿಯ ನೂಲೆಳೆಯಿಂದ ಹುಟ್ಟುವ ಝೇಂಕಾರ, ಒಳ್ಳೆಯ ಸಾಕ್ಷಿ: ತಂತಿ ಮೀಟಿದ ಮೇಲೆ ಉಪಸ್ವರಗಳು ಒಂದೊಂದಾಗಿ ಅರಳಿ ಇಳಿಯುವುದು ಕೇಳಿಸಬೇಕು, ಬರಿಯ ಝೇಂಕಾರದ ಮುದ್ದೆಯಾಗಬಾರದು. ಮೃದಂಗ ಇನ್ನೂ ಕಠಿಣ ಪರೀಕ್ಷಕ. ಬಲಮುಖದ ನಡುವಿನ ಕರಣೆ ಎಂಬ ಕಪ್ಪು ಲೇಪದಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದಂತೆ ಮೂಲಸ್ವರಕ್ಕೆ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು ತಮ್ಮ ಸಹೋದ್ಯೋಗಿಯೊಡನೆ 1920ರಲ್ಲಿಯೇ ಬರೆದರು. ಆದ್ದರಿಂದ ಒಳ್ಳೆಯ ಇಯರ್‌ಫೋನಿನಲ್ಲಿ ಮೃದಂಗದ ಹೊಡೆತಕ್ಕೆ ಶ್ರುತಿಯಿರುತ್ತದೆ, ಸಾಧಾರಣದ್ದರಲ್ಲಿ ಸದ್ದು ಮಾತ್ರ ಇರುತ್ತದೆ. ವಾದ್ಯವೃಂದದಲ್ಲಿಯಾದರೆ ಡಬಲ್ ಬಾಸ್‌ನ ಕೆಳಗಿನ ತಂತಿ, ಸುಮಾರು 41 ಹರ್ಟ್ಜ್, ಯಾವ ಸ್ವರ ನುಡಿಸುತ್ತಿದೆ ಎಂದು ನೀವು ಗುನುಗಬಲ್ಲಿರಾ ನೋಡಿ.

ಪ್ರಯಾಣದ ಮಾತು ಹೇಳಿದಿರಾದ್ದರಿಂದ ಒಂದು ಎಚ್ಚರ. ಸಿನಿಮಾ ಹಾಡಿನಲ್ಲಿ ಮೆಲುದನಿಗೂ ಏರುದನಿಗೂ ಅಂತರವನ್ನು ಸಾಮಾನ್ಯವಾಗಿ ಕುಗ್ಗಿಸಿರುತ್ತಾರೆ. ಶಾಸ್ತ್ರೀಯ ಸಂಗೀತದಲ್ಲಿ ಆ ಅಂತರವೇ ಅಭಿವ್ಯಕ್ತಿ. ವಿಲಂಬಿತ ಆಲಾಪ ವಾಹನದ ಗುಂಯ್‌ಗುಡುವಿಕೆಯಲ್ಲಿ ಮುಳುಗಿತೆಂದು ಧ್ವನಿ ಏರಿಸಿ, ತಾಳವಾದ್ಯದವರೇ ನುಡಿಸುವ ತನಿ ಆವರ್ತನ ಬಂದಾಗ ಇಳಿಸಲು ಮರೆತರೆ ಕಿವಿಗೇ ಪೆಟ್ಟು. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಮಟ್ಟ 80 ಡೆಸಿಬೆಲ್‌ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾಗಿ ಹೊರಗಿನ ಗದ್ದಲವನ್ನು ತಡೆಯುವ ಗುಣಕ್ಕೆ ನಾನು ಧ್ವನಿಯ ಸೂಕ್ಷ್ಮತೆಯಷ್ಟೇ ಬೆಲೆ ಕೊಡುತ್ತೇನೆ. ಬಿಗಿಯಾಗಿ ಕೂರುವ ಬುಶ್ ಮಾತುಕತೆಯಂಥ ಮೇಲಿನ ಸ್ವರದ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಎಂಜಿನ್ನಿನ ಎಡೆಬಿಡದ ಮೊರೆತಕ್ಕೆ ಎಲೆಕ್ಟ್ರಾನಿಕ್ ಗದ್ದಲ ನಿವಾರಣೆ ಹೆಚ್ಚು ಸಮರ್ಥ.

ತಂತಿಯೋ ಬ್ಲೂಟೂತೋ ಎಂದು ನೀವು ಕೇಳಿಲ್ಲ. ಕೇಳಿದ್ದರೂ ಪ್ರಯಾಣಕ್ಕೆ ಎರಡೂ ಆದೀತು ಎಂದೇ ಹೇಳುತ್ತಿದ್ದೆ. ಗದ್ದಲದ ನಡುವೆ ಬ್ಲೂಟೂತಿನ ಧ್ವನಿಸಂಕೋಚನದಿಂದಾಗುವ ನಷ್ಟಕ್ಕಿಂತ ಸಡಿಲ ಬುಶ್‌ನಿಂದಾಗುವ ನಷ್ಟ ಎಷ್ಟೋ ದೊಡ್ಡದು.

ಪ್ರಶ್ನೆ: ಹೊಸ ಇಯರ್‌ಫೋನಿನಲ್ಲಿ ಈಚಿನ ಕಛೇರಿಗಳು ಸೊಗಸಾಗಿ ಕೇಳಿಸುತ್ತವೆ, ಆದರೆ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ತೆಗೆದ ಗಾಯನ ಕರಕರ ಎನ್ನುತ್ತದೆ. ಬದಲಾಯಿಸಬೇಕೇ?

ಉತ್ತರ: ಬದಲಾಯಿಸಬೇಡಿ. ಮೈಕ್ರೊಫೋನ್ ಬಳಸಿ ವಿದ್ಯುತ್ ವಿಧಾನದಲ್ಲಿ ತಟ್ಟೆಗಳನ್ನು ಮುದ್ರಿಸುವುದು ಬಳಕೆಗೆ ಬಂದದ್ದೇ 1925ರಲ್ಲಿ. ಅದಕ್ಕೂ ಹಿಂದೆ ಗಾಯಕರು ಮುದ್ರಣಯಂತ್ರದ ತುತ್ತೂರಿಯಾಕಾರದ ಕೊಳವೆಯ ಬಾಯಿಗೆ ಹಾಡುತ್ತಿದ್ದರು. ಅಂಥ ಮುದ್ರಣಗಳಲ್ಲಿ ಮೇಲಿನ ಸ್ವರಗಳ ಜಾಗದಲ್ಲಿ ಸಂಗೀತಕ್ಕಿಂತ ಮುಳ್ಳಿನ ಘರ್ಷಣೆಯೇ ಹೆಚ್ಚು, ನಿಮ್ಮ ಇಯರ್‌ಫೋನ್ ಅದನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತಿದೆ. ಸಿಲಿಕೋನ್ ತೆಗೆದು ಫೋಮ್ ಬುಶ್ ಹಾಕಿದರೆ ಮೇಲಿನ ಸ್ವರಗಳು ತುಸು ಮೆತ್ತಗಾಗುತ್ತವೆ. ಸ್ವರಗಳ ಮಟ್ಟವನ್ನು ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ 6,000 ಹರ್ಟ್ಜ್‌ನ ಮೇಲಿನದನ್ನು ತಗ್ಗಿಸಿದರೂ ಕಂಠಕ್ಕೆ ಹೆಚ್ಚು ಹಾನಿಯಿಲ್ಲ. ಜೊತೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎರಡು ಕಿವಿಗೂ ಒಂದೇ ಧ್ವನಿ ಕೊಡುವ ಮೋನೊ ಎಂಬ ಆಯ್ಕೆಯಿದ್ದರೆ ಹಾಕಿ ನೋಡಿ: ತಟ್ಟೆಯನ್ನು ಸ್ಟೀರಿಯೊ ಪಿಕಪ್ಪಿನಿಂದ (ಮುಳ್ಳಿನ ಸಾಧನದಿಂದ) ಓದಿಸಿದ್ದರೆ ಎರಡು ಕಿವಿಗಳಲ್ಲಿ ಕರಕರ ಬೇರೆ ಬೇರೆಯಾಗಿಯೂ ಹಾಡು ಒಂದೇ ಆಗಿಯೂ ಇರುತ್ತದೆ, ಎರಡನ್ನೂ ಕೂಡಿಸಿದಾಗ ಹಾಡು ಮುಂದೆ ಬಂದು ಕರಕರ ಹಿಂದೆ ಸರಿಯುತ್ತದೆ.